ಲೈನ್‌ಬ್ಯಾಕರ್ ಆಗೋದು ಕಾಲೇಜಿನಲ್ಲಿ

ಚಿಂತಾಮಣಿಯ ಮೈದಾನದಲ್ಲಿ ಸಂಜೆ ಕಬಡ್ಡಿ ನೋಡ್ತಾ ಕೂತಿದ್ದೆ. ಡಿಗ್ರಿ ಕೊನೇ ವರ್ಷದ ಹುಡುಗನೊಬ್ಬ ಮೊಬೈಲ್ ತೋರಿಸಿ, 'ಸಾರ್, ಹೆಲ್ಮೆಟ್ ಹಾಕ್ಕೊಂಡು ಗುದ್ದಾಡ್ತಾರಲ್ಲ, ಇದ್ರಲ್ಲಿ ಯಾರು ಏನು ಮಾಡ್ತಾರೆ?' ಅಂದ. ಅವನು ಆಡೋದು ಕವರ್‌ನಲ್ಲಿ. ಹಾಗಾಗಿ ಲೈನ್‌ಬ್ಯಾಕರ್‌ನಿಂದಲೇ ಶುರು ಮಾಡಿದೆ.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಒಂದು ಕಡೆ ಹನ್ನೊಂದು ಜನ. ರಕ್ಷಣೆಯ ಮುಂದಿನ ಸಾಲಿನವರು ಎದುರಾಳಿಯನ್ನು ತಳ್ಳುತ್ತಿರುತ್ತಾರೆ, ಅವರ ಬೆನ್ನಹಿಂದೆ ನಿಲ್ಲುವವನು ಲೈನ್‌ಬ್ಯಾಕರ್. ಎದುರಾಳಿ ಚೆಂಡು ಹಿಡಿದು ನುಗ್ಗುತ್ತಾನಾ, ಎಸೀತಾನಾ ಅಂತ ಅರೆಕ್ಷಣದಲ್ಲಿ ಅಂದಾಜು ಮಾಡಬೇಕು. ನುಗ್ಗಿದರೆ ಕೆಡವಬೇಕು. ಎಸೆದರೆ ಹಿಂದಕ್ಕೋಡಿ, ಚೆಂಡು ಹಿಡಿಯೋನಿಗೆ ಅಂಟಿಕೊಳ್ಳಬೇಕು. ಕಾರ್ನರ್‌ನವನು ಕಾಲು ಹಿಡಿಯೋತನಕ ತಾಳಿ ಆಮೇಲೆ ಮೇಲೆ ಬೀಳೋ ನಮ್ಮ ಕವರ್ ಆಟಗಾರನಿಗೂ ಇದೇ ಲೆಕ್ಕ. ಅವಸರಪಟ್ಟರೆ ಕೆಟ್ಟ.

ಈ ಜಾಗದಲ್ಲಿ ಆಡಿದವರಲ್ಲಿ ತಂದೆಯ ಕಡೆಯಿಂದ ಭಾರತೀಯ ಮೂಲದವನೊಬ್ಬನಿದ್ದಾನೆ, ಬ್ರ್ಯಾಂಡನ್ ಚಿಲ್ಲರ್. ಹುಟ್ಟಿದ್ದು 1982ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಓದಿ ಆಡಿದ್ದು ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಕಾಲೇಜು ತಂಡ ಅಂದರೆ ವರ್ಷಕ್ಕೊಮ್ಮೆ ಅಂತರಕಾಲೇಜು ಟೂರ್ನಿಗೆ ಬಸ್ ಹತ್ತೋ ತಂಡ ಅಲ್ಲ. ಫೀಸು, ಹಾಸ್ಟೆಲ್ ಸ್ಕಾಲರ್‌ಶಿಪ್‌ನಲ್ಲಿ ನಡೆಯುತ್ತೆ. ಪ್ರತಿ ಜಾಗಕ್ಕೂ ಬೇರೆ ಬೇರೆ ಕೋಚ್. ವೃತ್ತಿಪರ ತಂಡಗಳು ಹುಡುಗರನ್ನು ಆರಿಸಿಕೊಳ್ಳೋದು ಹೆಚ್ಚುಕಡಿಮೆ ಪೂರ್ತಿ ಇಲ್ಲಿಂದಲೇ, ಏಳು ಸುತ್ತಿನ ಡ್ರಾಫ್ಟ್‌ನಲ್ಲಿ. 2004ರಲ್ಲಿ ನಾಲ್ಕನೇ ಸುತ್ತಿನಲ್ಲಿ ಸೇಂಟ್ ಲೂಯಿಸ್ ರ‍್ಯಾಮ್ಸ್ ಚಿಲ್ಲರ್‌ನನ್ನು ಕರೆದುಕೊಂಡಿತು.

2008ಕ್ಕೆ ಗ್ರೀನ್ ಬೇ ಪ್ಯಾಕರ್ಸ್ ಸೇರಿದ. ಎಸೆತ ತಡೆಯೋದರಲ್ಲಿ ಕೈ ಪಳಗಿದ್ದವನು. ಮುಂದಿನ ವರ್ಷ 2 ಕೋಟಿ ಡಾಲರ್‌ಗೂ ಮೀರಿದ ನಾಲ್ಕು ವರ್ಷದ ಒಪ್ಪಂದ. ಇದನ್ನು ಹೇಳಿದಾಗ ಹುಡುಗನ ಕಣ್ಣು ಅರಳಿತು, ಸಹಜ. ಆದರೆ ಆ ಲೀಗ್‌ನಲ್ಲಿ ಒಪ್ಪಂದದ ಮೊತ್ತವೆಲ್ಲ ಕೈಗೆ ಬರುತ್ತೆ ಅಂತೇನಿಲ್ಲ, ಖಾತ್ರಿ ಒಂದಷ್ಟಕ್ಕೆ ಮಾತ್ರ. 2010ರಲ್ಲಿ ಗಾಯಗೊಂಡು ಸೀಸನ್ ನಡುವೆಯೇ ಹೊರಗಾದ. 2011ರ ಫೆಬ್ರವರಿಯಲ್ಲಿ ಪ್ಯಾಕರ್ಸ್ ಸೂಪರ್ ಬೌಲ್ ಗೆದ್ದಾಗ ಅವನು ಅಂಗಳದಲ್ಲಿರಲಿಲ್ಲ. ಅದೇ ಜುಲೈನಲ್ಲಿ ತಂಡ ಅವನನ್ನು ಕೈಬಿಟ್ಟಿತು. ವಯಸ್ಸು 28.

ಆಮೇಲೆ ಅವನು ಬಂದದ್ದು ನಮ್ಮ ಕಡೆಗೇ. ಎಲೀಟ್ ಫುಟ್‌ಬಾಲ್ ಲೀಗ್ ಆಫ್ ಇಂಡಿಯಾಕ್ಕೆ ಬೆನ್ನಿಗೆ ನಿಂತವರಲ್ಲಿ ಚಿಲ್ಲರ್ ಕೂಡ ಒಬ್ಬ. 'ಬೆಂಗಳೂರು ವಾರ್‌ಹಾಕ್ಸ್' ಅಂತ ತಂಡವೂ ಇತ್ತು, ನೆನಪಿರುವವರು ಕಮ್ಮಿ. ಲೀಗ್ ಬೇರೂರಲಿಲ್ಲ. ಮೇಲಿಂದ ಲೀಗ್ ತಂದರು, ಕೆಳಗೆ ಆ ಆಟ ಕಲಿಸೋ ಶಾಲೆ, ಕಾಲೇಜು ಒಂದೂ ಇರಲಿಲ್ಲ. 2014ರಲ್ಲಿ ಶುರುವಾದ ಪ್ರೊ ಕಬಡ್ಡಿ ನಿಂತಿತು. ಅದಕ್ಕೆ ಊರೂರಿನ ಮಣ್ಣಿನ ಅಂಕಣ ಇತ್ತು, ರೈಲ್ವೆ, ಪೊಲೀಸ್ ತಂಡಗಳಿದ್ದವು.

ಹಾಗಂತ ನಮ್ಮಲ್ಲೂ ಕಾಲೇಜಿನ ಮೆಟ್ಟಿಲು ಗಟ್ಟಿಯಾಗಿಲ್ಲ. ಈ ಹುಡುಗನಿಗೆ ಪರೀಕ್ಷೆ ಮುಗಿದರೆ ತಂಡವೂ ಮುಗೀತು. ಮುಂದೆಲ್ಲಿ ಆಡ್ತೀಯ ಅಂತ ಕೇಳಿದೆ. 'ಪೊಲೀಸ್ ಸೆಲೆಕ್ಷನ್‌ಗೆ ಹಾಕ್ತೀನಿ ಸಾರ್. ಆಗ್ಲಿಲ್ಲ ಅಂದ್ರೆ ಅಪ್ಪನ ಜೊತೆ ಟೊಮೆಟೊ' ಅಂತ ಹೇಳಿ, ಮೊಬೈಲ್ ನನ್ನ ಕೈಗೆ ಕೊಟ್ಟು ಅಂಕಣಕ್ಕಿಳಿದ.