ಉದ್ದ ಪದಕ್ಕೆ ಹೆದರಬೇಡಿ, ಬಿಡಿಸಿ ನೋಡಿ

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಕನ್ನಡ ಮಾಧ್ಯಮದ ಮಕ್ಕಳಿರುವ ಎಷ್ಟೋ ಮನೆಗಳಲ್ಲಿ ಒಂದೇ ಚರ್ಚೆ ನಡೆಯುತ್ತದೆ. ಮಗುವಿಗೆ ವಿಜ್ಞಾನದಲ್ಲಿ ಒಳ್ಳೆಯ ಅಂಕ ಬಂದಿದೆ, ಇಷ್ಟವೂ ಇದೆ. ಆದರೆ ಪಿಯುಸಿಯಲ್ಲಿ ವಿಜ್ಞಾನವೆಲ್ಲ ಇಂಗ್ಲಿಷಿನಲ್ಲಿ. "ಯಾಕೆ ಸುಮ್ಮನೆ ಕಷ್ಟ, ಬೇರೆ ಏನಾದರೂ ತಗೋ" ಎಂದು ಮನೆಯ ಹಿರಿಯರೇ ಹೇಳಿಬಿಡುತ್ತಾರೆ. ಧೈರ್ಯ ಮಾಡಿ ಸೇರಿದ ಮಕ್ಕಳೂ ಮೊದಲ ಎರಡು ತಿಂಗಳಲ್ಲೇ ಪುಸ್ತಕ ನೋಡಿ ಕಂಗಾಲಾಗುತ್ತಾರೆ. ಪಾಠ ತಿಳಿಯದೆ ಅಲ್ಲ, ಪದ ತಿಳಿಯದೆ. ಹತ್ತನೆಯ ತರಗತಿಯಲ್ಲಿ ತಾವೇ ಚೆನ್ನಾಗಿ ಬರೆದ ಉತ್ತರ ಈಗ ಬೇರೆ ವೇಷ ಹಾಕಿಕೊಂಡು ಬಂದಿದೆ, ಅಷ್ಟೇ.

ಆ ವೇಷ ಕಳಚುವುದು ಹೇಗೆ ಎಂಬುದೇ ಈ ಲೇಖನದ ವಿಷಯ. ಇದಕ್ಕೆ ದುಬಾರಿ ಕೋಚಿಂಗ್ ಬೇಡ. ಮಕ್ಕಳ ಕನ್ನಡ, ಮನೆಯಲ್ಲಿರುವ ಅಜ್ಜ ಅಜ್ಜಿಯ ಬಿಡುವು, ಒಂದಿಷ್ಟು ರಟ್ಟಿನ ಚೂರು ಸಾಕು.

ಸಂಧಿ ಬಿಡಿಸಿದ ಹಾಗೆ

ಮಕ್ಕಳೇ, ಕನ್ನಡ ವ್ಯಾಕರಣದಲ್ಲಿ ಸಂಧಿ, ಸಮಾಸ ಬಿಡಿಸುವುದನ್ನು ಕಲಿತಿದ್ದೀರಲ್ಲ? ಇಂಗ್ಲಿಷಿನ ಉದ್ದ ಪದಗಳಿಗೂ ಅದೇ ಉಪಾಯ. 'ಫೋಟೋಸಿಂಥಿಸಿಸ್' ಎಂಬ ಪದ ನೋಡಿ. ಗ್ರೀಕ್ ಭಾಷೆಯಲ್ಲಿ 'ಫೋಟೋ' ಎಂದರೆ ಬೆಳಕು, 'ಸಿನ್' ಎಂದರೆ ಒಟ್ಟಿಗೆ, 'ಥೀಸಿಸ್' ಎಂದರೆ ಇಡುವುದು. ಬೆಳಕಿನ ನೆರವಿನಿಂದ ಒಟ್ಟಿಗೆ ಕೂಡಿಸುವುದು. ಈಗ ನಿಮ್ಮ ಕನ್ನಡ ಪಠ್ಯಪುಸ್ತಕದ 'ದ್ಯುತಿಸಂಶ್ಲೇಷಣೆ'ಯನ್ನು ಬಿಡಿಸಿ. ದ್ಯುತಿ ಎಂದರೆ ಬೆಳಕು, ಸಂಶ್ಲೇಷಣೆ ಎಂದರೆ ಕೂಡಿಸುವುದು. ಎರಡೂ ಒಂದೇ ಅಚ್ಚಿನವು! ಕನ್ನಡದ ಪದವನ್ನು ಅರ್ಥಮಾಡಿಕೊಂಡು ಕಲಿತ ಮಗುವಿಗೆ ಇಂಗ್ಲಿಷ್ ಪದದ ಅರ್ಧ ಆಗಲೇ ಗೊತ್ತು.

ಇಂಥವು ಹತ್ತಾರಿವೆ. 'ಮೈಕ್ರೋ' ಎಂದರೆ ಸಣ್ಣದು, 'ಸ್ಕೋಪ್' ಎಂದರೆ ನೋಡುವ ಸಾಧನ. ನಮ್ಮದು ಸೂಕ್ಷ್ಮದರ್ಶಕ. 'ಟೆಲಿ' ಎಂದರೆ ದೂರ, ಆದ್ದರಿಂದ ಟೆಲಿಸ್ಕೋಪು ದೂರದರ್ಶಕ. 'ಥರ್ಮೋ' ಎಂದರೆ ಶಾಖ, 'ಮೀಟರ್' ಎಂದರೆ ಅಳೆಯುವುದು. 'ಬಯೋ' ಜೀವ, 'ಜಿಯೋ' ಭೂಮಿ, 'ಹೈಡ್ರೋ' ನೀರು, 'ಗ್ರಾಫ್' ಬರೆಯುವುದು, 'ಲಜಿ' ಶಾಸ್ತ್ರ. 'ಐಸಾಸಿಲೀಸ್' ತ್ರಿಕೋನದ ಹೆಸರಂತೂ ಮಜವಾಗಿದೆ. 'ಐಸೋ' ಎಂದರೆ ಸಮ, 'ಸ್ಕೆಲೋಸ್' ಎಂದರೆ ಕಾಲು. ಗ್ರೀಕರು ಅದನ್ನು ಸಮ ಕಾಲಿನದು ಎಂದರು, ನಾವು ಸಮದ್ವಿಬಾಹು, ಅಂದರೆ ಎರಡು ಸಮ ತೋಳಿನದು ಎಂದೆವು. ಕಾಲೋ ಕೈಯೋ, ಲೆಕ್ಕ ಒಂದೇ.

ಹಳೆಯ ನೆಂಟಸ್ತಿಕೆ

ಇದು ಬರೀ ಅನುವಾದದ ಮಾತಲ್ಲ. 1786ರಲ್ಲಿ ಕಲ್ಕತ್ತದ ನ್ಯಾಯಾಧೀಶ ಸರ್ ವಿಲಿಯಂ ಜೋನ್ಸ್ ಅಲ್ಲಿನ ಏಷಿಯಾಟಿಕ್ ಸೊಸೈಟಿಯಲ್ಲಿ ಒಂದು ಭಾಷಣ ಮಾಡಿದರು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಈ ಮೂರೂ ಒಂದೇ ಮೂಲದಿಂದ ಬಂದಿರಬೇಕು ಎಂದರು. ವಿಜ್ಞಾನದ ಇಂಗ್ಲಿಷ್ ಪದಗಳಲ್ಲಿ ಬಹುಪಾಲು ಗ್ರೀಕ್, ಲ್ಯಾಟಿನ್ ಮೂಲದವು. ನಮ್ಮ ಕನ್ನಡ ದ್ರಾವಿಡ ಕುಲದ ಭಾಷೆಯಾದರೂ ಸಂಸ್ಕೃತದ ಪದಗಳನ್ನು ಧಾರಾಳವಾಗಿ ಬಳಸುತ್ತದೆ. ಹಾಗಾಗಿ ಆ ನೆಂಟಸ್ತಿಕೆಯ ಲಾಭ ನಮಗೂ ಸಿಗುತ್ತದೆ.

ಎಣಿಸಿ ನೋಡಿ: ತ್ರಿ, ಟ್ರೈ. ಪಂಚ, ಪೆಂಟಾ. ಸಪ್ತ, ಹೆಪ್ಟಾ. ಅಷ್ಟ, ಆಕ್ಟೋ. ದಶ, ಡೆಕಾ. ಪಾದಕ್ಕೆ ಲ್ಯಾಟಿನ್ನಿನಲ್ಲಿ 'ಪೆಡ್', ಅದರಿಂದಲೇ ಸೈಕಲ್ಲಿನ ಪೆಡಲ್. ದಂತಕ್ಕೆ 'ಡೆಂಟ್', ಅದರಿಂದಲೇ ಡೆಂಟಿಸ್ಟ್. ಇಲ್ಲ ಎನ್ನುವುದಕ್ಕೆ ನಾವು 'ಅ' ಸೇರಿಸುತ್ತೇವೆ, ಮುಂದೆ ಸ್ವರ ಬಂದರೆ 'ಅನ್': ಅಸತ್ಯ, ಅನಾದಿ. ಗ್ರೀಕಿನಲ್ಲೂ ಇದೇ ನಿಯಮ. ಕತ್ತರಿಸಲಾಗದ್ದು 'ಆಟಂ', ಗಾಳಿ ಬೇಡದ್ದು 'ಅನೆರೋಬಿಕ್'.

'ಹೈಡ್ರೋಜನ್' ಎಂದರೆ ನೀರನ್ನು ಹುಟ್ಟಿಸುವುದು, ಜಲಜನಕ. ಅಲ್ಲಿನ 'ಜನ್' ಮತ್ತು ನಮ್ಮ 'ಜನಕ' ಒಂದೇ ಬೇರಿನವು. 'ಆಕ್ಸಿಜನ್' ಎಂದರೆ ಆಮ್ಲವನ್ನು ಹುಟ್ಟಿಸುವುದು. ಎಲ್ಲ ಆಮ್ಲಗಳಲ್ಲೂ ಅದು ಇದ್ದೇ ಇರುತ್ತದೆ ಎಂದು ಭಾವಿಸಿ ಫ್ರಾನ್ಸಿನ ಲವಾಸಿಯೇ ಆ ಹೆಸರಿಟ್ಟರು. ಹಾಗಲ್ಲವೆಂದು ಮುಂದೆ ತಿಳಿಯಿತು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ನೇ ಇಲ್ಲ. ಆದರೂ ಹೆಸರು ಉಳಿಯಿತು, ಕನ್ನಡಕ್ಕೆ 'ಆಮ್ಲಜನಕ'ವಾಗಿ ಬಂದಿತು.

ಗಣಿತದ 'ಸೈನ್' ನಮ್ಮಿಂದಲೇ ಹೋದದ್ದು. ಆರ್ಯಭಟ ಅದನ್ನು 'ಜ್ಯಾ' ಎಂದ, ಅಂದರೆ ಬಿಲ್ಲಿನ ಹೆದೆ. 'ಜೀವಾ' ಎಂದೂ ಅನ್ನುತ್ತಿದ್ದರು. ಅರಬರು ಅದನ್ನು 'ಜೀಬ' ಎಂದು ತೆಗೆದುಕೊಂಡರು. ಅವರ ಬರಹದಲ್ಲಿ ಸ್ವರಗಳನ್ನು ಬರೆಯದ ಕಾರಣ ಮುಂದಿನವರು 'ಜೈಬ್' ಎಂದು ಓದಿಕೊಂಡರು. ಅದಕ್ಕೆ ಬಟ್ಟೆಯ ಮಡಿಕೆ ಎಂಬ ಅರ್ಥ. ಲ್ಯಾಟಿನ್ನಿಗೆ ಅನುವಾದಿಸಿದವರು ಮಡಿಕೆಗೆ ತಮ್ಮ ಭಾಷೆಯ ಪದವಾದ 'ಸೈನಸ್' ಬಳಸಿದರು. ಅದೇ ಸೈನ್ ಆಯಿತು. ನಿಮ್ಮ ಅಂಗಿಯ 'ಜೇಬು' ಕೂಡ ಆ ಅರಬ್ಬಿ ಪದದಿಂದಲೇ ಬಂದದ್ದು.

ಬ್ಯಾಂಕಿನ ಕೌಂಟರಿನಲ್ಲಿ ಕಂಡ ಪದಗಳು

ನಾನು ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದವನು. ದಿನಾ ಬರೆಯುತ್ತಿದ್ದ ಪದಗಳ ಒಳಗೆ ಏನಿದೆ ಎಂದು ನೋಡುವ ಚಪಲ ಆಗಿನಿಂದಲೂ ಇದೆ. 'ಆಡಿಟ್' ಎಂದರೆ ಲ್ಯಾಟಿನ್ನಿನಲ್ಲಿ ಕೇಳುವುದು. ಹಿಂದೆ ಲೆಕ್ಕವನ್ನು ಗಟ್ಟಿಯಾಗಿ ಓದಿಸಿ ಕೇಳಿ ತಪಾಸಣೆ ಮಾಡುತ್ತಿದ್ದರಂತೆ. ಆಡಿಯೋ, ಆಡಿಟೋರಿಯಂ ಅದರ ಅಣ್ಣತಮ್ಮಂದಿರು. 'ಕ್ರೆಡಿಟ್' ಎಂದರೆ ನಂಬಿಕೆ. ಅದೂ ನಮ್ಮ 'ಶ್ರದ್ಧೆ'ಯೂ ಒಂದೇ ಮೂಲದವು ಎನ್ನುತ್ತಾರೆ ಭಾಷಾಶಾಸ್ತ್ರಜ್ಞರು. ಸಾಲ ಕೊಡುವವನಿಗೂ ಭಕ್ತನಿಗೂ ಬೇಕಾದದ್ದು ಒಂದೇ ನೋಡಿ.

ಸಾಲ ಮಾಡಿ ಗಾಡಿ ಕೊಂಡವರ ಆರ್‌ಸಿಯಲ್ಲಿ 'ಹೈಪಾಥಿಕೇಶನ್' ಎಂದು ಇರುತ್ತದೆ. 'ಹೈಪೋ' ಎಂದರೆ ಕೆಳಗೆ, ಉಳಿದದ್ದು ಇಡುವುದು. ಗಾಡಿ ನಿಮ್ಮ ಕೈಯಲ್ಲೇ ಇದ್ದರೂ ಅದನ್ನು ಸಾಲದ ಅಡಿಯಲ್ಲಿ ಇಟ್ಟಿದ್ದೀರಿ ಎಂದರ್ಥ. ಈಗ ವಿಜ್ಞಾನ ಪುಸ್ತಕದ 'ಹೈಪಾಥಿಸಿಸ್' ನೋಡಿ. ಅದೂ ಕೆಳಗೆ ಇಟ್ಟದ್ದೇ. ವಾದ ಕಟ್ಟಲು ಬುಡದಲ್ಲಿ ಇಟ್ಟುಕೊಂಡ ಊಹೆ. ಬ್ಯಾಂಕಿನ ಸಾಲ, ಪ್ರಯೋಗಶಾಲೆಯ ಊಹೆ, ಎಲೆಯೊಳಗಿನ ಅಡುಗೆ, ಈ ಮೂರರಲ್ಲೂ ಒಂದೇ ಬೇರು ಅಡಗಿದೆ. ಒಂದು ಬೇರು ಕಲಿತರೆ ಒಂದು ಪದವಲ್ಲ, ಒಂದು ಮನೆತನವೇ ಪರಿಚಯವಾಗುತ್ತದೆ.

ಎಚ್ಚರ ಬೇಕಾದ ಕಡೆ

'ಹೈಪೋ' ಕಡಿಮೆಯನ್ನು, 'ಹೈಪರ್' ಹೆಚ್ಚನ್ನು ಹೇಳುತ್ತದೆ. ಕೇಳಲು ಒಂದೇ ಥರ, ಅರ್ಥ ಪೂರ್ತಿ ವಿರುದ್ಧ. ಹೈಪೋಟೆನ್ಷನ್ ಎಂದರೆ ರಕ್ತದೊತ್ತಡ ಕಡಿಮೆ, ಹೈಪರ್‌ಟೆನ್ಷನ್ ಎಂದರೆ ಹೆಚ್ಚು. ಥೈರಾಯಿಡ್ ತೊಂದರೆಯಲ್ಲೂ ಹೀಗೇ ಎರಡು ಬಗೆ. ಅಜ್ಜಿಯ ಆಸ್ಪತ್ರೆ ಚೀಟಿಯನ್ನು ಮೊಮ್ಮಗ ಓದಿ ಹೇಳುವ ಮನೆಗಳಲ್ಲಿ ಈ ಒಂದಕ್ಷರದ ವ್ಯತ್ಯಾಸ ಸಣ್ಣದಲ್ಲ.

ಪೆಟ್ರೋಲ್ ಟ್ಯಾಂಕರಿನ ಹಿಂದೆ 'ಇನ್‌ಫ್ಲೇಮಬಲ್' ಎಂದು ಬರೆದಿರುವುದನ್ನು ನೋಡಿರಬಹುದು. ಅಲ್ಲಿನ 'ಇನ್' ಇಲ್ಲ ಎಂಬ ಅರ್ಥದ್ದಲ್ಲ. ಬೇಗ ಬೆಂಕಿ ಹತ್ತಿಕೊಳ್ಳುತ್ತದೆ ಎಂದೇ ಅದರ ಅರ್ಥ. ಜನ ತಪ್ಪು ತಿಳಿಯಬಾರದೆಂದು ಈಗ 'ಫ್ಲೇಮಬಲ್' ಎಂದು ಬರೆಯುವ ರೂಢಿಯೂ ಬಂದಿದೆ. ಆದ್ದರಿಂದ ಪದ ಬಿಡಿಸಿ ಊಹಿಸಿದ ಮೇಲೆ ನಿಘಂಟು ತೆಗೆದು ತಾಳೆ ನೋಡಲೇಬೇಕು.

ಗೊತ್ತಿರುವ ಪದಗಳೂ ವಿಜ್ಞಾನದಲ್ಲಿ ಅರ್ಥ ಬದಲಿಸುತ್ತವೆ. 'ಪ್ರಾಡಕ್ಟ್' ರಸಾಯನಶಾಸ್ತ್ರದಲ್ಲಿ ಉತ್ಪನ್ನ, ಗಣಿತದಲ್ಲಿ ಗುಣಲಬ್ಧ. 'ಸಲ್ಯೂಷನ್' ಅಲ್ಲಿ ದ್ರಾವಣ, ಇಲ್ಲಿ ಪರಿಹಾರ. ಅಕ್ಕಿ ಮೂಟೆ ಹೊತ್ತು ಒಂದು ಗಂಟೆ ಅಲ್ಲಾಡದೆ ನಿಂತವನು ಭೌತಶಾಸ್ತ್ರದ ಲೆಕ್ಕದಲ್ಲಿ ಮೂಟೆಯ ಮೇಲೆ ಮಾಡಿದ 'ವರ್ಕ್' ಸೊನ್ನೆ! 'ಸೆಲ್' ಎಂದರೆ ಮೊದಲು ಸಣ್ಣ ಕೋಣೆ. 1665ರಲ್ಲಿ ರಾಬರ್ಟ್ ಹುಕ್ ಸೂಕ್ಷ್ಮದರ್ಶಕದಲ್ಲಿ ಬೆಂಡಿನ ತೆಳು ಹೋಳು ನೋಡಿ, ಅಲ್ಲಿ ಕಂಡ ಪುಟ್ಟ ಕೋಣೆಗಳಿಗೆ ಆ ಹೆಸರಿಟ್ಟರು.

ಯಾವ ಪದಗಳನ್ನು ಮೊದಲು ಕಲಿಯಬೇಕು?

ನಿಘಂಟನ್ನು ಮೊದಲ ಪುಟದಿಂದ ಬಾಯಿಪಾಠ ಮಾಡುವುದು ವ್ಯರ್ಥ ಶ್ರಮ. ಬಂಗಾಳದಲ್ಲಿ ಇಂಗ್ಲಿಷ್ ಕಲಿಕೆಯ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ್ದ ಮೈಕೆಲ್ ವೆಸ್ಟ್ ಎಂಬುವರು 1953ರಲ್ಲಿ ಅತಿ ಹೆಚ್ಚು ಬಳಕೆಯ ಸುಮಾರು 2000 ಪದಗಳ ಪಟ್ಟಿ ಪ್ರಕಟಿಸಿದರು. ಯಾವುದೇ ಪಠ್ಯದ ಪುಟದ ಮುಕ್ಕಾಲು ಭಾಗ ಆ ಪದಗಳಲ್ಲೇ ಮುಗಿಯುತ್ತದೆ. ಆಮೇಲೆ, 2000ನೇ ಇಸವಿಯಲ್ಲಿ, ನ್ಯೂಜಿಲೆಂಡಿನ ಅವೆರಿಲ್ ಕಾಕ್ಸ್‌ಹೆಡ್ ಎಂಬ ಅಧ್ಯಾಪಕಿ ಕಾಲೇಜು ಮಟ್ಟದ ಎಲ್ಲ ವಿಷಯಗಳಲ್ಲೂ ಮತ್ತೆ ಮತ್ತೆ ಬರುವ 570 ಪದಕುಟುಂಬಗಳನ್ನು ಆರಿಸಿದರು. ಅನಲೈಸ್, ಡಿರೈವ್, ಎಸ್ಟಿಮೇಟ್, ಇಂಡಿಕೇಟ್, ಕಾನ್‌ಸ್ಟಂಟ್, ವೇರಾಸ್, ಇಂಥವು. ಇವು ಪುಟದ ಇನ್ನೊಂದು ನೂರಕ್ಕೆ ಹತ್ತು ಭಾಗ. ಈ ಪಟ್ಟಿ ಯಾರಿಗಾದರೂ ಉಚಿತವಾಗಿ ಸಿಗುತ್ತದೆ. ಉಳಿದವು ಆಯಾ ವಿಷಯದ ಪಾರಿಭಾಷಿಕ ಪದಗಳು. ಅವನ್ನೇ ನಾವು ಮೇಲೆ ಬಿಡಿಸಿದ್ದು.

ಲಗ್ನಪತ್ರಿಕೆಯ ಆರ್‌ಡಿ

ಕಲಿತದ್ದು ಮರೆತುಹೋಗುವುದು ದಡ್ಡತನವಲ್ಲ, ಮನುಷ್ಯ ಸ್ವಭಾವ. ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲೇ ತಮ್ಮ ಮೇಲೆ ತಾವೇ ಪ್ರಯೋಗ ಮಾಡಿ ಇದನ್ನು ತೋರಿಸಿದ್ದರು. ಮರೆವು ಮೊದಮೊದಲು ವೇಗವಾಗಿ, ಆಮೇಲೆ ನಿಧಾನವಾಗಿ ಆಗುತ್ತದೆ. ಬಿಟ್ಟು ಬಿಟ್ಟು ಮತ್ತೆ ನೋಡುವುದೇ ಮದ್ದು. ಅದೇ ದೇಶದ ಲೈಟ್ನರ್ ಎಂಬುವರು 1972ರಲ್ಲಿ ಇದಕ್ಕೊಂದು ಪೆಟ್ಟಿಗೆಯ ಉಪಾಯ ಹೇಳಿದರು.

ಹಳೆಯ ಲಗ್ನಪತ್ರಿಕೆಗಳನ್ನು ಎಸೆಯದೆ ಕಟ್ಟಿಟ್ಟಿರುವ ಅಜ್ಜಂದಿರಿಗೆ ಈಗ ಕೆಲಸ ಬಂತು. ಅವನ್ನು ಇಸ್ಪೀಟು ಎಲೆಯಷ್ಟು ಕತ್ತರಿಸಿ. ಖಾಲಿ ಇರುವ ಕಡೆ ಇಂಗ್ಲಿಷ್ ಪದ. ಹಿಂದೆ ಬಿಳಿ ಕಾಗದ ಅಂಟಿಸಿ ಪದದ ಉಚ್ಚಾರಣೆ, ಅದನ್ನು ಬಿಡಿಸಿದ ರೂಪ, ಕನ್ನಡದ ಅರ್ಥ, ಪಠ್ಯಪುಸ್ತಕದ್ದೇ ಒಂದು ವಾಕ್ಯ. ಚಪ್ಪಲಿ ಡಬ್ಬಿಯಲ್ಲಿ ಐದು ಮನೆ ಮಾಡಿ. ಹೊಸ ಚೀಟಿ ಮೊದಲ ಮನೆಗೆ. ಅದನ್ನು ದಿನವೂ ಕೇಳಬೇಕು. ಸರಿಯಾಗಿ ಹೇಳಿದರೆ ಮುಂದಿನ ಮನೆಗೆ ಬಡ್ತಿ. ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ, ನಾಲ್ಕನೆಯದನ್ನು ಹದಿನೈದು ದಿನಕ್ಕೊಮ್ಮೆ, ಐದನೆಯದನ್ನು ತಿಂಗಳಿಗೊಮ್ಮೆ ತೆರೆಯಿರಿ. ತಪ್ಪಿದರೆ ಚೀಟಿ ಯಾವ ಮನೆಯಲ್ಲಿದ್ದರೂ ವಾಪಸ್ ಮೊದಲ ಮನೆಗೆ.

ದಿನಕ್ಕೆ ಐದು ಪದ, ಭಾನುವಾರ ಹಳೆಯದರ ಪರೀಕ್ಷೆ ಮಾತ್ರ. ವಾರಕ್ಕೆ 30. ಆ 570 ಪದಗಳು 19 ವಾರದಲ್ಲಿ ಮುಗಿದವು. ಜೂನ್ ಮೊದಲ ವಾರ ಶುರು ಮಾಡಿದರೆ ಅಕ್ಟೋಬರ್ ಮಧ್ಯಕ್ಕೆ ಮುಗಿಯಿತು. ಆರ್‌ಡಿ ಕಟ್ಟಿದ ಹಾಗೆ. ಕಂತು ಸಣ್ಣದು, ತಪ್ಪಿಸಬಾರದು ಅಷ್ಟೇ.

"ನನಗೆ ಇಂಗ್ಲಿಷ್ ಬರುವುದಿಲ್ಲವಲ್ಲ" ಎನ್ನುವ ಅಜ್ಜಿಯರಿಗೆ ಒಂದು ಮಾತು. ನಮ್ಮ ಮನೆಯಲ್ಲಿ ಪರೀಕ್ಷಕಿ ನನ್ನ ಹೆಂಡತಿ. ಅವಳು ಓದಿದ್ದು ಏಳನೆಯ ತರಗತಿ, ಕನ್ನಡದಲ್ಲಿ. ಮಧ್ಯಾಹ್ನ ಸೊಪ್ಪು ಸೋಸುತ್ತಾ ಚೀಟಿಯ ಕನ್ನಡದ ಕಡೆ ಓದುತ್ತಾಳೆ. "ಬೆಳಕಿನಿಂದ ಕೂಡಿಸುವುದು, ಏನಮ್ಮಾ ಅದು?" ಮೊಮ್ಮಗಳು ಇಂಗ್ಲಿಷಿನಲ್ಲಿ ಹೇಳಬೇಕು, ಬಿಡಿಸಿ ಅರ್ಥವನ್ನೂ ಹೇಳಬೇಕು. ಅಜ್ಜಿಗೆ ಅರ್ಥವಾಗುವ ಹಾಗೆ ಹೇಳಿದರಷ್ಟೇ ಚೀಟಿಗೆ ಬಡ್ತಿ. ಈ ನಿಯಮ ಅವಳೇ ಮಾಡಿದ್ದು, ವಿನಾಯಿತಿ ಇಲ್ಲ. ಪದ ಬಾಯಿಗೆ ಬಂದರೂ ಅರ್ಥ ತಲೆಗೆ ಹೋಗದಿದ್ದರೆ ಅಲ್ಲೇ ಗೊತ್ತಾಗಿಬಿಡುತ್ತದೆ.

ಮಕ್ಕಳೇ, ಈ ವಾರ ಐದು ಚೀಟಿ ಮಾಡಿ: ಜಿಯೋಥರ್ಮಲ್, ಹೈಪೋಥರ್ಮಿಯಾ, ಮೈಕ್ರೋಬಯಾಲಜಿ, ಫೋಟೋಮೀಟರ್, ಬಯೋಗ್ರಫಿ. ಇವುಗಳ ಬೇರುಗಳೆಲ್ಲ ಈ ಲೇಖನದಲ್ಲೇ ಇವೆ. ಮೊದಲು ನೀವೇ ಬಿಡಿಸಿ, ಆಮೇಲೆ ನಿಘಂಟು ನೋಡಿ. ಅಜ್ಜ ಅಜ್ಜಿಯರೇ, ಕೇಳುವ ಕೆಲಸ ನಿಮ್ಮದು. ಭಾಷೆಯ ಭಯಕ್ಕೆ ಇಷ್ಟದ ಓದನ್ನು ಬಿಡುವ ಹುಡುಗ ಹುಡುಗಿ ನಿಮ್ಮ ಮನೆಯಲ್ಲಿದ್ದರೆ, ಆ ಚಪ್ಪಲಿ ಡಬ್ಬಿಯನ್ನು ಇವತ್ತೇ ಹುಡುಕಿ ತೆಗೆಯಿರಿ.