ಕಿದ್ವಾಯಿ ನಗರದಲ್ಲೂ ಗಣಿಕೆ ಸೊಪ್ಪು

ಐಎನ್‌ಎ ಮಾರ್ಕೆಟ್‌ನಲ್ಲಿ ನುಗ್ಗೆಕಾಯಿ, ಕರಿಬೇವು, ಸಾಂಬಾರ್ ಈರುಳ್ಳಿ ಎಲ್ಲ ಸಿಗುತ್ತವೆ. ಗಣಿಕೆ ಸೊಪ್ಪು ಮಾತ್ರ ನನಗೆ ಒಮ್ಮೆಯೂ ಸಿಕ್ಕಿಲ್ಲ. ಪಕ್ಕದ ಕಿದ್ವಾಯಿ ನಗರದಲ್ಲಿ ಅದು ಕಳೆಯಾಗಿ ತಾನೇ ಹುಟ್ಟುತ್ತದೆ! ಇಲ್ಲಿಯವರು ಮಕೋಯ್ ಎನ್ನುತ್ತಾರೆ; ಸಂಸ್ಕೃತದಲ್ಲಿ ಕಾಕಮಾಚಿ.

ಬಾಯಿಹುಣ್ಣಾದರೆ ನಮ್ಮ ಮನೆಯಲ್ಲಿ ಮೊದಲು ನೆನಪಾಗುವುದು ಇದೇ. ಎಳೆ ಎಲೆಗಳನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ, ನಾಲ್ಕು ಕಾಳುಮೆಣಸು, ತೆಂಗಿನತುರಿಯೊಡನೆ ನುಣ್ಣಗೆ ರುಬ್ಬಿ ಮಜ್ಜಿಗೆ ಬೆರೆಸಿದರೆ ತಂಬುಳಿ. ಬೇಳೆಯೊಡನೆ ಬೇಯಿಸಿದರೆ ಮಸ್ಸೊಪ್ಪು. ಸ್ವಲ್ಪ ಕಹಿ ಇರುತ್ತದೆ, ಇರಲೇಬೇಕು. ಯುನಾನಿ ಹಕೀಮರು ಯಕೃತ್ತಿನ ಊತಕ್ಕೆ ಕೊಡುವ ‘ಅರ್ಕ್ ಮಕೋ’ ಇದರಿಂದಲೇ ಬಟ್ಟಿ ಇಳಿಸಿದ್ದು. ಹಾಗೆಂದು ಕಾಮಾಲೆ ಬಂದವರು ಸೊಪ್ಪು ನಂಬಿ ಕೂರಬೇಡಿ, ಏಮ್ಸ್ ಹತ್ತಿರದಲ್ಲೇ ಇದೆ.

ಹೂವು ಪುಟ್ಟದು, ಬಿಳಿ, ನಡುವೆ ಹಳದಿ. ಹಣ್ಣು ಮಾಗಿದಾಗ ಕಪ್ಪು. ದೆಹಲಿಯಲ್ಲಿ ಕೆಲವು ಗಿಡಗಳದ್ದು ಕಿತ್ತಳೆಗೆಂಪು. ಹಸಿರು ಕಾಯಿಯಲ್ಲಿ ಸೋಲನೈನ್ ಎಂಬ ವಿಷವಿದೆ, ಮಕ್ಕಳ ಬಾಯಿಗೆ ಹೋಗದಂತೆ ನೋಡಿಕೊಳ್ಳಿ. ಗಿಡದ ಗುರುತು ಖಾತ್ರಿಯಿಲ್ಲದಿದ್ದರೆ ಕೀಳಲೇಬೇಡಿ.

ಪೂರ್ವ ಕಿದ್ವಾಯಿ ನಗರದ ಹಳೆಯ ಸರ್ಕಾರಿ ಕ್ವಾರ್ಟರ್ಸ್‌ಗಳ ಸುತ್ತ ಒಂದಿಷ್ಟು ಬರಿ ಮಣ್ಣಿತ್ತು. 2010ರ ದಶಕದಲ್ಲಿ ಅವನ್ನು ಕೆಡವಿ ಎನ್‌ಬಿಸಿಸಿ ಬಹುಮಹಡಿ ಕಟ್ಟಡಗಳನ್ನು ಎಬ್ಬಿಸಿತು. ಈಗ ಹುಲ್ಲುಹಾಸು, ಅಲಂಕಾರದ ಗಿಡಗಳು. ಗಣಿಕೆ ತಲೆಯೆತ್ತಿದರೆ ಮಾಲಿ ಕಿತ್ತೆಸೆಯುತ್ತಾನೆ. ಅವನ ಕೆಲಸವೇ ಅದು. ರಸ್ತೆಬದಿಯದ್ದು ಹೊಗೆ, ಧೂಳು ಕುಡಿದದ್ದು, ತಿನ್ನಲು ಬೇಡ. ಮಾಗಿದ ಒಂದು ಹಣ್ಣನ್ನು ಬಾಲ್ಕನಿಯ ಕುಂಡದಲ್ಲಿ ಹಿಸುಕಿ, ತೆಳುವಾಗಿ ಮಣ್ಣು ಮುಚ್ಚಿ, ನೀರು ಚಿಮುಕಿಸಿದರೆ ಸಾಕು. ನನ್ನ ಎರಡು ಕುಂಡಗಳಲ್ಲಿ ಈಗ ಹಣ್ಣಾಗಿವೆ, ಬೀಜ ಬೇಕಾದವರು ಕೇಳಿ.