ತತ್ತ್ವಪ್ರಸಾರದ ಮನೆಯಲ್ಲಿ ಬರವಣಿಗೆಯ ಪಾಠ

ಪರೀಕ್ಷೆ ಮುಗಿದು ಬೇಸಿಗೆ ರಜೆ ಬಂತೆಂದರೆ ಕಾಲೇಜು ವಿದ್ಯಾರ್ಥಿಗಳು ಇಂಟರ್ನ್‌ಶಿಪ್ ಹುಡುಕುವುದು ಈಗ ರೂಢಿಯಾಗಿದೆ. ಹಿಂದೆ ಇದನ್ನೇ ಉಮೇದುವಾರಿ ಎನ್ನುತ್ತಿದ್ದರು. ಕಾರ್ಖಾನೆ, ಬ್ಯಾಂಕು, ಪತ್ರಿಕಾಲಯಗಳಂತೆಯೇ ಒಂದು ನಿರ್ದಿಷ್ಟ ತತ್ತ್ವವನ್ನು ಪ್ರಚಾರ ಮಾಡುವ ಸಂಸ್ಥೆಗಳೂ ವಿದ್ಯಾರ್ಥಿಗಳ ಲೇಖನಿಗೆ ಕೆಲಸ ಕೊಡುತ್ತವೆ. ಅಮೆರಿಕದಲ್ಲಿ ಕಾದಂಬರಿಗಾರ್ತಿ ಅಯ್ನ್ ರ‍್ಯಾಂಡ್ ಅವರ ವಿಚಾರಗಳ ಪ್ರಸಾರಕ್ಕೆಂದು 1985ರಲ್ಲಿ ಸ್ಥಾಪನೆಯಾದ ಸಂಸ್ಥೆ, ಅವರ ಕಾದಂಬರಿಗಳನ್ನು ಕುರಿತು ವಿದ್ಯಾರ್ಥಿಗಳಿಗೆ ಪ್ರಬಂಧ ಸ್ಪರ್ಧೆಗಳನ್ನು ನಡೆಸಿದ್ದು ಪ್ರಸಿದ್ಧವಾಗಿದೆ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ತನ್ನ ಮತವನ್ನು ಹರಡಲೆಂದೇ ಇರುವ ಸಂಸ್ಥೆಯೊಂದು ಹತ್ತೊಂಬತ್ತು ಇಪ್ಪತ್ತರ ಹರೆಯದವರಿಗೆ ಬರೆಯಲು ಕಲಿಸಿದರೆ, ಅವರಿಗೆ ದಕ್ಕುವುದು ಸ್ವಂತ ಬರವಣಿಗೆಯೋ, ಇನ್ನೊಬ್ಬರ ಮಾತನ್ನು ಗಿಳಿಪಾಠ ಒಪ್ಪಿಸುವ ಅಭ್ಯಾಸವೋ?

ಮಲೆನಾಡಿಗೆ ಈ ಪ್ರಶ್ನೆ ಹೊಸದೇನಲ್ಲ. ನರಸಿಂಹರಾಜಪುರ ತಾಲ್ಲೂಕಿನ ಮುತ್ತಿನಕೊಪ್ಪದ ವಿದ್ಯಾರ್ಥಿಯೊಬ್ಬನ ಸುತ್ತಮುತ್ತ ಎಷ್ಟು ದರ್ಶನಗಳು ನೆಲೆಸಿವೆ ನೋಡಿ. ಶೃಂಗೇರಿಯಲ್ಲಿ ಅದ್ವೈತ. ಬಾಳೆಹೊನ್ನೂರಿನ ರಂಭಾಪುರಿ ಪೀಠದಲ್ಲಿ ವೀರಶೈವರ ಶಕ್ತಿವಿಶಿಷ್ಟಾದ್ವೈತ. ಸಿಂಹನಗದ್ದೆಯ ಜ್ವಾಲಾಮಾಲಿನಿ ಬಸದಿಯ ಪರಂಪರೆಯಲ್ಲಿ ಜೈನರ ಅನೇಕಾಂತವಾದ. ಸತ್ಯಕ್ಕೆ ಹಲವು ಮುಖಗಳಿವೆ, ಒಂದೇ ಮುಖವನ್ನು ಕಂಡು ಪೂರ್ಣ ಸತ್ಯವೆನ್ನಬಾರದು ಎಂಬುದು ಅನೇಕಾಂತದ ಸಾರ. ಇಷ್ಟು ಹತ್ತಿರದಲ್ಲಿ ಇಷ್ಟು ಭಿನ್ನ ಮತಗಳಿರುವಾಗ ವಾದ ಮಾಡುವ ಕ್ರಮವೊಂದು ಬೇಕೇ ಬೇಕು.

ಆ ಕ್ರಮವನ್ನು ನಮ್ಮ ಶಾಸ್ತ್ರಕಾರರು ಬಹಳ ಹಿಂದೆಯೇ ರೂಪಿಸಿದ್ದರು. ಮೀಮಾಂಸೆ, ವೇದಾಂತಗಳಲ್ಲಿ ಒಂದು ವಿಚಾರವನ್ನು ಚರ್ಚಿಸುವ ಘಟಕಕ್ಕೆ ಅಧಿಕರಣವೆಂದು ಹೆಸರು. ವೇದಾಂತಿಗಳು ಅದಕ್ಕೆ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂದು 5 ಅಂಗಗಳನ್ನು ಹೇಳುತ್ತಾರೆ. ಇವುಗಳಲ್ಲಿ ಪೂರ್ವಪಕ್ಷವೆಂದರೆ ಎದುರಾಳಿಯ ವಾದ. ಅದನ್ನು ಅವನೇ ಒಪ್ಪುವಷ್ಟು ಬಲವಾಗಿ ಮಂಡಿಸಿದ ಬಳಿಕವಷ್ಟೇ ತನ್ನ ಸಿದ್ಧಾಂತ ಹೇಳುವ ಅಧಿಕಾರ ಬರುತ್ತದೆ. ದುರ್ಬಲ ಪೂರ್ವಪಕ್ಷವನ್ನು ಗೆದ್ದವನಿಗೆ ವಿದ್ವತ್‌ಸಭೆಯಲ್ಲಿ ಬೆಲೆಯಿಲ್ಲ.

ಇದಕ್ಕೆ ಉಜ್ವಲ ನಿದರ್ಶನ 14ನೇ ಶತಮಾನದ ‘ಸರ್ವದರ್ಶನಸಂಗ್ರಹ’. ಇದರ ಕರ್ತೃತ್ವದ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದ್ದರೂ ಶೃಂಗೇರಿಯ ಪೀಠಾಧಿಪತಿಗಳಾಗಿದ್ದ ವಿದ್ಯಾರಣ್ಯರ ಹೆಸರಿನೊಂದಿಗೆ ಪರಂಪರೆ ಇದನ್ನು ಸೇರಿಸಿಕೊಂಡು ಬಂದಿದೆ. ಅದ್ವೈತಿಯೊಬ್ಬರು ಬರೆದ ಈ ಗ್ರಂಥ 16 ದರ್ಶನಗಳನ್ನು ವಿವರಿಸುತ್ತದೆ. ಆರಂಭವಾಗುವುದು ವೇದವನ್ನೂ ಪರಲೋಕವನ್ನೂ ಅಲ್ಲಗಳೆಯುವ ಚಾರ್ವಾಕರಿಂದ. ಚಾರ್ವಾಕರ ಸ್ವಂತ ಗ್ರಂಥಗಳು ಬಹುಪಾಲು ಕಳೆದುಹೋಗಿವೆ. ಅವರ ವಿಚಾರ ಇಂದಿಗೂ ತಿಳಿಯುವುದು ಹೆಚ್ಚಾಗಿ ಇಂಥ ಪ್ರತಿಪಕ್ಷದವರ ಬರಹಗಳಿಂದ. ಪೂರ್ವಪಕ್ಷವನ್ನು ಶ್ರದ್ಧೆಯಿಂದ ಬರೆದುದರ ಫಲವಿದು.

ಇಪ್ಪತ್ತನೆಯ ಶತಮಾನಕ್ಕೆ ಬಂದರೆ ಇದೇ ನೆಲದ ಇನ್ನೊಂದು ಉದಾಹರಣೆ ಸಿಗುತ್ತದೆ. 1904ರಲ್ಲಿ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಜನಿಸಿದ ಕುವೆಂಪು ಮೈಸೂರಿನಲ್ಲಿ ಓದುತ್ತಿದ್ದಾಗ ಮೊದಲು ಕವಿತೆ ಬರೆದದ್ದು ಇಂಗ್ಲಿಷಿನಲ್ಲಿ. ಅವನ್ನು ನೋಡಿದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ತಾಯ್ನುಡಿಯಲ್ಲಿ ಬರೆಯುವಂತೆ ಸಲಹೆ ಇತ್ತರು. ಕಸಿನ್ಸ್ ಥಿಯಾಸಫಿಕಲ್ ಸೊಸೈಟಿಯವರು, ಅಂದರೆ ಒಂದು ತತ್ತ್ವದ ಪ್ರಸಾರಕರು. ಆದರೆ ಆ ತರುಣನಿಗೆ ಅವರಿಂದ ದೊರೆತದ್ದು ಭಾಷೆಯ ದಾರಿ.

ಮುಂದೆ ಕುವೆಂಪು ಮೈಸೂರಿನ ಶ್ರೀರಾಮಕೃಷ್ಣಾಶ್ರಮದಲ್ಲಿ ವರ್ಷಗಳ ಕಾಲ ಇದ್ದರು. ಸ್ವಾಮಿ ಸಿದ್ಧೇಶ್ವರಾನಂದರ ವಾತ್ಸಲ್ಯ ಅಲ್ಲಿ ಅವರಿಗೆ ದೊರೆಯಿತು. ರಾಮಕೃಷ್ಣ, ವಿವೇಕಾನಂದರ ಜೀವನಚರಿತ್ರೆಗಳನ್ನು ಕನ್ನಡಕ್ಕೆ ಕೊಟ್ಟರು. ಇಷ್ಟಾದರೂ ಅವರು ಆಶ್ರಮದ ವಕ್ತಾರರಾಗಿ ಉಳಿಯಲಿಲ್ಲ. ಪುರೋಹಿತಶಾಹಿಯನ್ನು, ಮೂಢನಂಬಿಕೆಯನ್ನು ಕಟುವಾಗಿ ವಿರೋಧಿಸಿ, ‘ವಿಚಾರಕ್ರಾಂತಿಗೆ ಆಹ್ವಾನ’ ನೀಡಿದವರೂ ಅವರೇ. ತತ್ತ್ವದ ಮನೆಯಲ್ಲಿ ಉಂಡು ಬೆಳೆದರೂ ಸ್ವಂತ ಬುದ್ಧಿಯನ್ನು ಒತ್ತೆಯಿಡಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆದ್ದರಿಂದ ತತ್ತ್ವಪ್ರಚಾರದ ಸಂಸ್ಥೆಗಳಿಗೆ ಹೋಗಿ ಬರೆಯಲು ಕಲಿಯುವುದೇ ತಪ್ಪೆನ್ನುವಂತಿಲ್ಲ. ಒಂದು ನಿಲುವನ್ನು ಗಟ್ಟಿಯಾಗಿ ನಂಬಿದವರ ಜೊತೆಗಿದ್ದರೆ ವಾದದ ಬಿಗಿ, ಪದಗಳ ನಿಖರತೆ ಅರಿವಾಗುತ್ತದೆ. ಯಾವ ನಿಲುವೂ ಇಲ್ಲದವರಿಂದ ಅದು ಸಿಗದು. ಅಪಾಯವಿರುವುದು ಪೂರ್ವಪಕ್ಷವನ್ನೇ ಬಿಟ್ಟು ನೇರವಾಗಿ ಸಿದ್ಧಾಂತ ಬರೆಸುವ ಕಡೆ. ಅಲ್ಲಿ ತಯಾರಾಗುವುದು ಕರಪತ್ರ, ಬರಹಗಾರರಲ್ಲ.

ಈ ಬೇಸಿಗೆಯಲ್ಲಿ ಇಂಥ ಅವಕಾಶಕ್ಕೆ ಅರ್ಜಿ ಹಾಕುವ ವಿದ್ಯಾರ್ಥಿ ಸಂಬಳವೆಷ್ಟು, ಪ್ರಮಾಣಪತ್ರ ಸಿಗುತ್ತದೆಯೇ ಎಂದು ಅವಶ್ಯವಾಗಿ ವಿಚಾರಿಸಲಿ. ಜೊತೆಗೆ ಇನ್ನೊಂದು ಮಾತನ್ನೂ ಕೇಳಲಿ: ನಿಮ್ಮನ್ನು ಒಪ್ಪದವರ ವಾದವನ್ನು ಅವರ ಪರವಾಗಿ ಒಂದು ಪುಟ ಬರೆಯಲು ನನಗೆ ಅವಕಾಶವಿದೆಯೇ? ಹೌದೆಂಬ ಉತ್ತರ ಬಂದರೆ ಅಲ್ಲಿ ಎರಡು ತಿಂಗಳು ಕಳೆಯುವುದು ನಷ್ಟವಲ್ಲ.